ಸೋಲ್ಡರಿಂಗ್ ಹೊಗೆ: ಫಿಲ್ಟರ್ ಬದಲಿಸುವ ಮೊದಲು ಕಿಟಕಿ ನೋಡಿ

ಪ್ರಶ್ನೆ: ಕೋಣೆಯಲ್ಲಿ ಕೂತು ಸರ್ಕ್ಯೂಟ್ ಬೋರ್ಡ್ ಕೆಲಸ ಮಾಡುತ್ತೇನೆ, 60 ಪಾಲು ತವರ, 40 ಪಾಲು ಸೀಸ ಇರುವ 60/40 ಸೋಲ್ಡರ್ (ಬೆಸುಗೆ ತಂತಿ) ಬಳಸುತ್ತೇನೆ. ಹಳೆಯ ಕಂಪ್ಯೂಟರಿನ 120 ಮಿ.ಮೀ. ಫ್ಯಾನಿಗೆ ಕಾರ್ಬನ್ ಸ್ಪಂಜು ಕಟ್ಟಿ ಮೇಜಿನ ಮೇಲಿಟ್ಟಿದ್ದೇನೆ. ಆದರೂ ವಾಸನೆ ಹೋಗಿಲ್ಲ, ಸಂಜೆಯಾದರೆ ಗಂಟಲು ಕೆರೆಯುತ್ತದೆ. ಹೆಪಾ ಫಿಲ್ಟರ್ ಹಾಕಿದರೆ ಫ್ಯಾನ್ ಗಾಳಿಯನ್ನೇ ಎಳೆಯುವುದಿಲ್ಲ. ಸೀಸದ ಆವಿ ಮೈಗೆ ಸೇರುತ್ತಿದೆಯೇ? ಏನು ಬದಲಿಸಲಿ?

ಉತ್ತರ: ಸೀಸದ ಆವಿಯ ಭಯ ಬೇಡ. ಸೀಸ ಕುದಿಯುವುದು 1749 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಮ್ಮ ಸೋಲ್ಡರಿಂಗ್ ಐರನ್ನಿನ ತುದಿ ಇರುವುದು 350ರ ಆಸುಪಾಸು. ಆ ಕಾವಿಗೆ ಆವಿಯಾಗುವ ಸೀಸ ನಗಣ್ಯ. ಸೀಸ ಒಳಗೆ ಹೋಗುವುದು ಬೆರಳಿನಿಂದ ಬಾಯಿಗೆ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಆ ಮೇಜಿನ ಮೇಲೆ ಏನನ್ನೂ ತಿನ್ನಬೇಡಿ.

ಗಂಟಲು ಕೆರೆಸುತ್ತಿರುವುದು ಬಹುಮಟ್ಟಿಗೆ ಫ್ಲಕ್ಸ್, ಅಂದರೆ ಬೆಸುಗೆ ಸರಿಯಾಗಿ ಹಿಡಿಯಲೆಂದು ಸೋಲ್ಡರ್ ತಂತಿಯೊಳಗೆ ತುಂಬಿರುವ ವಸ್ತು. ಸಾಮಾನ್ಯವಾಗಿ ಅದು ಪೈನ್ ಮರದ ರಾಳ. ಕಾದಾಗ ಅದರಿಂದ ರಾಳದ ಆಮ್ಲಗಳ ಅತಿಸೂಕ್ಷ್ಮ ಕಣಗಳೂ ಫಾರ್ಮಾಲ್ಡಿಹೈಡ್‌ನಂಥ ಅನಿಲಗಳೂ ಏಳುತ್ತವೆ. ಕೆಲಸದಿಂದ ಅಂಟಿಕೊಳ್ಳುವ ಆಸ್ತಮಾಕ್ಕೆ ಈ ಹೊಗೆ ಚೆನ್ನಾಗಿ ಗೊತ್ತಿರುವ ಕಾರಣ. ಸೀಸವಿಲ್ಲದ ಸೋಲ್ಡರಿಗೆ ಹೋದರೆ ಇದು ತಪ್ಪುವುದಿಲ್ಲ. 183 ಡಿಗ್ರಿಗೆ ಕರಗತೊಡಗುವ ತಂತಿಯ ಜಾಗಕ್ಕೆ 217ಕ್ಕೆ ಕರಗುವುದು ಬರುತ್ತದೆ. ಐರನ್ ಇನ್ನಷ್ಟು ಕಾಯಬೇಕು, ಫ್ಲಕ್ಸ್ ಇನ್ನಷ್ಟು ಸುಡುತ್ತದೆ.

ಈಗ ನಿಮ್ಮ ಸಾಧನ. ತೆಳು ಸ್ಪಂಜಿನಲ್ಲಿರುವ ಕಾರ್ಬನ್ ಅತ್ಯಲ್ಪ. ಗಾಳಿ ಅದನ್ನು ಕ್ಷಣಾರ್ಧದಲ್ಲಿ ದಾಟುವುದರಿಂದ ಅನಿಲ ಹೀರಿಕೊಳ್ಳಲು ಸಮಯವೇ ಸಿಗುವುದಿಲ್ಲ, ಕಣಗಳಂತೂ ಸಲೀಸಾಗಿ ನುಸುಳುತ್ತವೆ. ಮುಖದ ಮುಂದಿನ ಹೊಗೆ ಕೋಣೆಗೆಲ್ಲ ಹಂಚಿಹೋಗುತ್ತದೆ, ಅಷ್ಟೇ. ಹೆಪಾ ಕಣಗಳನ್ನು ಹಿಡಿಯುತ್ತದೆ ನಿಜ, ಆದರೆ ಅದರ ತಡೆಯನ್ನು ಮೀರಿ ಎಳೆಯುವ ಒತ್ತಡ ಕಂಪ್ಯೂಟರ್ ಫ್ಯಾನಿಗಿಲ್ಲ. ಅದಕ್ಕೆ ಬ್ಲೋವರ್ ಬೇಕು, ಅಗಲವಾದ ಫಿಲ್ಟರ್ ಬೇಕು, ಅನಿಲಕ್ಕೆಂದು ಹರಳು ಕಾರ್ಬನ್ನಿನ ದಪ್ಪ ಪದರ ಬೇಕು, ಅವನ್ನೆಲ್ಲ ಆಗಾಗ ಬದಲಿಸುತ್ತಿರಬೇಕು. ಕಿಟಕಿ ಇರುವ ಕೋಣೆಯಲ್ಲಿ ಈ ತಾಪತ್ರಯ ಬೇಡವೆನ್ನುತ್ತೇನೆ. ಹೊಗೆಯನ್ನು ಹೊರಗೆ ಕಳಿಸಿ.

ಕಿಟಕಿಯ ಸಂದಿಗೆ ಪ್ಲೈವುಡ್ ಹಲಗೆ ಕೂರಿಸಿ, ತೂತು ಕೊರೆದು 100 ಮಿ.ಮೀ. ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಜೋಡಿಸಿ. ಫ್ಯಾನ್ ಇರಬೇಕಾದ್ದು ಮೇಜಿನ ಬಳಿ ಅಲ್ಲ, ಕಿಟಕಿಯ ತುದಿಯಲ್ಲಿ. ಆಗ ಡಕ್ಟಿನೊಳಗೆಲ್ಲ ಎಳೆತ ಇರುತ್ತದೆ, ಎಲ್ಲಾದರೂ ಸೀಳಿದ್ದರೂ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಹೊಗೆ ಕೋಣೆಗೆ ಸೋರುವುದಿಲ್ಲ. ಡಕ್ಟ್ ಆದಷ್ಟು ಗಿಡ್ಡ, ಆದಷ್ಟು ನೇರ ಇರಲಿ. ಸುಕ್ಕುಗಟ್ಟುವ ಬಗೆಯದಾದರೆ ಪೂರ್ತಿ ಎಳೆದು ಹಿಗ್ಗಿಸಿ. ಈಗಿನ 25 ಮಿ.ಮೀ. ದಪ್ಪದ ಫ್ಯಾನ್ ಸಾಲದಿದ್ದರೆ 38 ಮಿ.ಮೀ. ದಪ್ಪದ್ದನ್ನೋ ಬ್ಲೋವರನ್ನೋ ಹಾಕಿ. ಅಡಾಪ್ಟರ್ ಅದಕ್ಕೆ ಬೇಕಾದ ಕರೆಂಟ್ ಕೊಡುತ್ತದೆಯೇ ನೋಡಿಕೊಳ್ಳಿ.

ಬಹಳ ಜನ ಎಡವುವುದು ದೂರದ ಲೆಕ್ಕದಲ್ಲಿ. ಮೇಣದ ಬತ್ತಿಯನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು, ಉಸಿರೆಳೆದು ಆರಿಸಲಾಗದು. ಡಕ್ಟಿನ ಬಾಯಿಯ ವ್ಯಾಸದಷ್ಟು ದೂರ ಹೋಗುವಷ್ಟರಲ್ಲಿ ಗಾಳಿಯ ವೇಗ ಬಾಯಿಯಲ್ಲಿದ್ದುದರ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಹಾಗಾಗಿ 100 ಮಿ.ಮೀ. ಬಾಯಿ ಬೆಸುಗೆಯಿಂದ 10 ಸೆಂ.ಮೀ. ಒಳಗೇ ಇರಬೇಕು. ಅದೂ ತಲೆಯ ಮೇಲಲ್ಲ, ಬೋರ್ಡಿನ ಹಿಂಬದಿಗೆ, ತುಸು ಮೇಲಕ್ಕೆ. ತಲೆಯ ಮೇಲಿಟ್ಟರೆ ಹೊಗೆ ನಿಮ್ಮ ಮೂಗನ್ನು ದಾಟಿಯೇ ಹೋಗಬೇಕಾಗುತ್ತದೆ. ಬಾಗುವ ತೋಳು ಇದ್ದರೆ ಬೋರ್ಡ್ ಸರಿದಂತೆ ಬಾಯಿಯನ್ನೂ ಸರಿಸಿಕೊಳ್ಳಬಹುದು.

ಪರೀಕ್ಷೆ ಸುಲಭ. ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟು, ಪಕ್ಕದಿಂದ ಟಾರ್ಚ್ ಹಾಯಿಸಿ, ತುದಿಗೆ ಸೋಲ್ಡರ್ ಮುಟ್ಟಿಸಿ. ಏಳುವ ಬಿಳಿ ಎಳೆ ನಾಲ್ಕು ಬೆರಳು ಏರುವಷ್ಟರಲ್ಲಿ ಬಾಗಿ ಡಕ್ಟಿನೊಳಗೆ ಹೋದರೆ ಸರಿ. ಹರಿದು ಚೆದುರಿದರೆ ಅಡ್ಡಗಾಳಿ ಇದೆ, ಸೀಲಿಂಗ್ ಫ್ಯಾನ್ ಆರಿಸಿ. ಹೊರಹೋದಷ್ಟು ಗಾಳಿ ಒಳಬರಬೇಕಲ್ಲ, ಬಾಗಿಲನ್ನು ಸ್ವಲ್ಪ ತೆರೆದಿಡಿ. ಡಕ್ಟಿನ ಹೊರತುದಿ ಪಕ್ಕದ ಮನೆಯ ಕಿಟಕಿಗೆ ಎದುರಾಗದಿರಲಿ.

ಇಷ್ಟಾದ ಮೇಲೂ ಕೆಮ್ಮು, ಎದೆ ಬಿಗಿತ, ಉಬ್ಬಸ ಬಂದು, ಸೋಲ್ಡರ್ ಮುಟ್ಟದ ದಿನಗಳಲ್ಲಿ ಕಡಿಮೆಯಾದರೆ ಕೆಲಸ ನಿಲ್ಲಿಸಿ ವೈದ್ಯರನ್ನು ಕಾಣಿ. ರಾಳದ ಫ್ಲಕ್ಸ್ ಬಳಸುತ್ತೀರೆಂದು ನೀವಾಗಿಯೇ ಹೇಳಿ, ಅವರು ಕೇಳದಿರಬಹುದು. ಒಮ್ಮೆ ಮೈ ಈ ಹೊಗೆಗೆ ಅಲರ್ಜಿ ಬೆಳೆಸಿಕೊಂಡರೆ ಮುಂದೆ ತೀರ ಸ್ವಲ್ಪ ಹೊಗೆಗೂ ಉಸಿರು ಕಟ್ಟಬಹುದು.