ಎರಡು ವರ್ಷವಾಗುತ್ತಾ ಬಂತು, ಇನ್ನೂ ಮಾತಿಲ್ಲ

ಪ್ರಶ್ನೆ: ಮಗನಿಗೆ 22 ತಿಂಗಳು. ಓಟ, ಆಟ ಎಲ್ಲ ಚೆನ್ನಾಗಿದೆ. ‘ಅಮ್ಮ’, ‘ತಾತ’, ‘ಬಾ’ ಬಿಟ್ಟರೆ ಮಾತಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ. ಅವರಪ್ಪನಿಗೂ ಮಾತು ತಡವಾಗಿಯೇ ಬಂದಿದ್ದಂತೆ. ಬಜೆ ತೇಯ್ದು ನೆಕ್ಕಿಸು ಅನ್ನುತ್ತಾರೆ ಅತ್ತೆ. ಕಾಯಬಹುದೇ ಡಾಕ್ಟರೇ?
– ಓದುಗರು, ಮದ್ದೂರು

ಉತ್ತರ: ಕಾಯಬೇಡಿ. ಒಂದೂವರೆ ವರ್ಷಕ್ಕೆ ಹತ್ತು ಪದವಾದರೂ ಇರಬೇಕು. ಎರಡು ತುಂಬುವಷ್ಟರಲ್ಲಿ ಸುಮಾರು 50 ಪದ, ಜೊತೆಗೆ ‘ನೀರು ಕೊಡು’ ಎಂಬಂಥ ಜೋಡಿ ಮಾತು ಬರಬೇಕು. ಬೆರಳು ತೋರಿಸುವುದು ಒಳ್ಳೆಯ ಲಕ್ಷಣವೇ. ಆದರೂ ಮೊದಲು ಕಿವಿ ಪರೀಕ್ಷೆ ಆಗಲಿ. ತಟ್ಟೆ ಬಿದ್ದರೆ ತಿರುಗಿ ನೋಡುತ್ತಾನಲ್ಲ ಎಂದು ಸುಮ್ಮನಾಗಬೇಡಿ: ಜೋರು ಸದ್ದು ಕೇಳಿಸಿ, ಸ, ಶದಂಥ ಮೆಲು ಧ್ವನಿ ಕೇಳಿಸದ ಮಕ್ಕಳಿರುತ್ತಾರೆ. ಪದೇಪದೇ ನೆಗಡಿಯಾದರೆ ಕಿವಿತಮಟೆಯ ಹಿಂದೆ ನೀರು ನಿಲ್ಲಬಹುದು. ಎಷ್ಟೋ ಸಲ ನೋವೇ ಇರುವುದಿಲ್ಲ, ಮನೆಯವರಿಗೆ ತಿಳಿಯುವುದೂ ಇಲ್ಲ. ಹುಟ್ಟಿದಾಗ ಪರೀಕ್ಷೆ ಸರಿಯಿದ್ದರೂ ಈಗ ಮತ್ತೆ ಮಾಡಿಸಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರ. ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಬೆರಾ ಪರೀಕ್ಷೆ ಬೇಕೆಂದರೆ ಮಗು ನಿದ್ದೆಯಲ್ಲಿರಬೇಕು. ಬಸ್ಸಿನಲ್ಲೇ ಮಲಗಿಬಿಟ್ಟರೆ ಅಲ್ಲಿ ಕಣ್ಣು ಮುಚ್ಚುವುದಿಲ್ಲ. ದಾರಿಯಲ್ಲಿ ಎಚ್ಚರವಾಗಿಯೇ ಇಟ್ಟುಕೊಳ್ಳಿ. ತಲೆಗೆ ಎಣ್ಣೆ ಹಚ್ಚಬೇಡಿ, ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡ್ ಹಿಡಿಯುವುದಿಲ್ಲ.

ಬಜೆಯಿಂದ ಮಾತು ಬರುತ್ತದೆ ಎನ್ನಲು ಆಧಾರವಿಲ್ಲ, ಪುಟ್ಟ ಮಕ್ಕಳಿಗೆ ವಾಂತಿಯಾಗಬಹುದು. ಅತ್ತೆಯವರಿಗೆ ಬೇರೆ ಕೆಲಸ ಕೊಡಿ. ಮಗು ಬೆರಳು ತೋರಿಸಿದ ತಕ್ಷಣ ವಸ್ತು ಕೈಗಿಡದೆ, ‘ಹಾಲಾ, ಬಾಳೆಹಣ್ಣಾ?’ ಎಂದು ಎರಡನ್ನೂ ಎದುರಿಗೆ ಹಿಡಿದು, ಮನಸ್ಸಿನಲ್ಲಿ ಐದು ಎಣಿಸುವವರೆಗೆ ಕಾಯಲಿ. ‘ಹಾ’ ಎಂದರೂ ಸಾಕು, ‘ಹಾಲು ಬೇಕಾ, ತಗೋ’ ಎಂದು ಕೊಡಲಿ. ಊಟದ ಹೊತ್ತಿಗೆ ಮೊಬೈಲ್ ಬೇಡ. ಹೆಸರು ಕರೆದರೆ ತಿರುಗದಿದ್ದರೆ, ಬಂದ ಮಾತು ಮರೆತರೆ ಒಂದು ವಾರವೂ ತಡಮಾಡಬೇಡಿ.

ಪ್ರಶ್ನೆ: ಮಗಳು 11 ವರ್ಷಕ್ಕೇ ದೊಡ್ಡವಳಾದಳು. ಎತ್ತರ ಇಷ್ಟಕ್ಕೇ ನಿಂತುಬಿಡುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಇಲ್ಲ, ವೇಗ ಕಡಿಮೆಯಾಗುತ್ತದೆ ಅಷ್ಟೆ. ಸಾಮಾನ್ಯವಾಗಿ ಇನ್ನೂ 5ರಿಂದ 7 ಸೆಂ.ಮೀ. ಬೆಳೆಯುತ್ತಾರೆ. 11 ಅಕಾಲವೇನಲ್ಲ; 8 ತುಂಬುವ ಮೊದಲೇ ಎದೆ ಮೂಡಿದ್ದರೆ ತೋರಿಸಬೇಕಿತ್ತು. ಮೊದಲೆರಡು ವರ್ಷ ಮುಟ್ಟು ಏರುಪೇರಾಗುವುದು ಸಹಜ. ಏಳು ದಿನಕ್ಕಿಂತ ಹೆಚ್ಚು ಸ್ರಾವವಾದರೆ, ಗಂಟೆಗೊಂದು ಪ್ಯಾಡ್ ನೆನೆದರೆ ಹಿಮೋಗ್ಲೋಬಿನ್ ಪರೀಕ್ಷಿಸಿ.