ಅಡುಗೆಮನೆ ಪ್ರಶ್ನೋತ್ತರ: ದಾಲ್ಚಿನ್ನಿ ಸಕ್ಕರೆಯ ಕುಕೀಸ್

ಪ್ರಶ್ನೆ: ಮೇಲೆ ಚಕ್ಕೆ, ಸಕ್ಕರೆ ಹಚ್ಚುವ ಅಮೆರಿಕದ ಹಳೆಯ ಕುಕೀಸ್ ‘ಸ್ನಿಕರ್‌ಡೂಡಲ್’ ಮಾಡುವ ಅಳತೆ ತಿಳಿಸಿ. ನಮ್ಮಲ್ಲಿರುವುದು ನಾಟಿ ಕೋಳಿ ಮೊಟ್ಟೆ.
– ಓದುಗರು, ಸೋಮವಾರಪೇಟೆ

ಉತ್ತರ: 20 ಕುಕೀಸ್‌ಗೆ ಬೆಣ್ಣೆ 115 ಗ್ರಾಂ, ಸಕ್ಕರೆ 150 ಗ್ರಾಂ, ಮೈದಾ 180 ಗ್ರಾಂ, ಕ್ರೀಮ್ ಆಫ್ ಟಾರ್ಟರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ (ಉಪ್ಪು ಬೆಣ್ಣೆಯಾದರೆ ಬೇಡ). ಮೊಟ್ಟೆ ಸಿಪ್ಪೆ ಬಿಟ್ಟು 50 ಗ್ರಾಂ ಬೇಕು. ನಾಟಿ ಮೊಟ್ಟೆ ಚಿಕ್ಕದು, ಹಾಗಾಗಿ ಎರಡು ಒಡೆದು ಕಲಕಿ 50 ಗ್ರಾಂ ತೂಗಿಕೊಳ್ಳಿ.

ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ. ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ, ನುಣ್ಣಗೆ ಪುಡಿಯಾಗಬಾರದು. ಬೆಣ್ಣೆ ಒತ್ತಿದರೆ ಗುಂಡಿ ಬೀಳಬೇಕು, ಆದರೆ ಬೆರಳು ಜಿಡ್ಡಾಗಿ ಹೊಳೆಯಬಾರದು, ಅದೇ ಹದ. ಬೆಣ್ಣೆ, ಸಕ್ಕರೆ ಬೆಳ್ಳಗಾಗುವ ತನಕ 3 ನಿಮಿಷ ಕಡೆದು, ಮೊಟ್ಟೆ ಸೇರಿಸಿ. ಜರಡಿ ಹಿಡಿದ ಒಣ ಸಾಮಾನು ಹಾಕಿದ ಮೇಲೆ ಮೈದಾ ಕಾಣದಾಗುವಷ್ಟೇ ಕಲಸಿ, ಜಾಸ್ತಿ ನಾದಿದರೆ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, 25 ಗ್ರಾಂ ಉಂಡೆ ಕಟ್ಟಿ, 3 ದೊಡ್ಡ ಚಮಚ ಸಕ್ಕರೆಗೆ 2 ಟೀ ಚಮಚ ಚಕ್ಕೆ ಪುಡಿ ಬೆರೆಸಿ ಅದರಲ್ಲಿ ಹೊರಳಿಸಿ. ಉಂಡೆಯ ನಡುವೆ ಎರಡು ಇಂಚು ಜಾಗ ಬಿಡಿ. ಮೊದಲೇ ಕಾಯಿಸಿದ ಓವನ್‌ನಲ್ಲಿ, ಮಧ್ಯದ ಹಂತದಲ್ಲಿ, 200 ಡಿಗ್ರಿಗೆ 9–10 ನಿಮಿಷ. ಅಂಚು ಗಟ್ಟಿಯಾಗಿ, ನಡುಭಾಗ ಇನ್ನೂ ಬೆಂದಿಲ್ಲವೇನೋ ಅನ್ನಿಸುವಾಗಲೇ ತೆಗೆಯಿರಿ. ಟ್ರೇಯ ಬಿಸಿಗೆ 5 ನಿಮಿಷದಲ್ಲಿ ಉಳಿದದ್ದು ಬೇಯುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿ ಇದನ್ನೇ ಮಾಡಿದರೆ ಹಪ್ಪಳದಂತೆ ಹರಡಿಕೊಳ್ಳುತ್ತದೆ. ಮೇಲೆ ಬಿರುಕೂ ಬರುವುದಿಲ್ಲ. ಬೆಣ್ಣೆ ಮನೆಯಲ್ಲೇ ಕಡೆದದ್ದು.
– ಓದುಗರು, ಮಡಿಕೇರಿ

ಉತ್ತರ: ನಿಮ್ಮ ಊರು ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಸೋಡಾದ ಗಾಳಿ ಬೇಗ ಹಿಗ್ಗುತ್ತದೆ. ಹಿಟ್ಟು ಗಟ್ಟಿಯಾಗುವ ಮೊದಲೇ ಉಬ್ಬಿ ಕುಸಿದುಬಿಡುತ್ತದೆ. ಸಕ್ಕರೆ 15 ಗ್ರಾಂ ಕಡಿಮೆ ಮಾಡಿ, ಸೋಡಾದಲ್ಲಿ ಒಂದು ಚಿಟಿಕೆ ತೆಗೆಯಿರಿ, ಮೈದಾ ಒಂದು ದೊಡ್ಡ ಚಮಚ ಹೆಚ್ಚಿಸಿ.

ನನಗೆ ಹೆಚ್ಚು ಅನುಮಾನ ಬೆಣ್ಣೆಯ ಮೇಲೆ. ಮಜ್ಜಿಗೆ ಪೂರ್ತಿ ಬಿಡದ ಬೆಣ್ಣೆಯಲ್ಲಿ ನೀರು ಜಾಸ್ತಿ. ತಣ್ಣೀರಿನಲ್ಲಿ ಮೂರು ಸಲ ತೊಳೆದು, ಸೌಟಿನಿಂದ ಒತ್ತಿ ನೀರು ತೆಗೆದು, ಆಮೇಲೆ ತೂಗಿ. ತುಪ್ಪ ಹಾಕಿದರೆ ಇನ್ನೂ ಹರಡುತ್ತದೆ. ಎರಡನೇ ಸರದಿಯ ಉಂಡೆಯನ್ನು ಬಿಸಿ ಟ್ರೇ ಮೇಲೆ ಇಡುವುದೂ ಅಷ್ಟೇ ದೊಡ್ಡ ತಪ್ಪು, ಓವನ್‌ಗೆ ಹೋಗುವ ಮೊದಲೇ ಬೆಣ್ಣೆ ಕರಗುತ್ತದೆ.

ಬಿರುಕಿಗೆ ಜೋರು ಶಾಖ ಬೇಕು. ಹೊರಗಿನ ಸಕ್ಕರೆ ಪದರ ಮೊದಲು ಒಣಗಬೇಕು, ಒಳಗಿನದು ಆಮೇಲೆ ಉಬ್ಬಿ ಅದನ್ನು ಸೀಳಬೇಕು. ಓವನ್ ಥರ್ಮಾಮೀಟರ್ ಒಂದು ಕೊಳ್ಳಿ. ಸಣ್ಣ ಓವನ್‌ಗಳ ಗುಂಡಿ ತೋರಿಸುವ ಡಿಗ್ರಿ ನಂಬುವ ಹಾಗಿಲ್ಲ.

ಪ್ರಶ್ನೆ: ಕ್ರೀಮ್ ಆಫ್ ಟಾರ್ಟರ್ ಇಲ್ಲಿ ಸಿಗುತ್ತಿಲ್ಲ. ಬದಲಿಗೆ ಕಾಚಂಪುಳಿ ಹಾಕಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಬೇಡ. ಹಣ್ಣಿನ ರಸವನ್ನು ಕಪ್ಪಾಗುವ ತನಕ ಕುದಿಸಿ ಇಳಿಸಿದ ಕಾಚಂಪುಳಿಗೆ ಪಂದಿಕರಿಯಲ್ಲಿ ಸಾಟಿಯಿಲ್ಲ, ಆದರೆ ಕುಕೀಸ್‌ನ ಬಣ್ಣ ಕಪ್ಪಾಗುತ್ತದೆ, ಅದರ ವಾಸನೆ ಚಕ್ಕೆಯನ್ನು ಮುಚ್ಚುತ್ತದೆ. ಒಂದೊಂದು ಮನೆಯದರ ಹುಳಿಯೂ ಒಂದೊಂದು ಹದ, ಸೋಡಾಕ್ಕೆ ಲೆಕ್ಕ ಸಿಗುವುದಿಲ್ಲ.

ಕ್ರೀಮ್ ಆಫ್ ಟಾರ್ಟರ್ ಹೆಸರಿಗೆ ಕ್ರೀಮ್, ನಿಜದಲ್ಲಿ ಬಿಳಿ ಪುಡಿ. ದ್ರಾಕ್ಷಿ ರಸ ವೈನ್ ಆಗುವಾಗ ಪೀಪಾಯಿಯ ಒಳಗೆ ಕಟ್ಟುವ ಹರಳಿನಿಂದ ಬರುವ ಹುಳಿ. ಬೇಕಿಂಗ್ ಪೌಡರ್ ಬರುವ ಮುಂಚೆ ಸೋಡಾದ ಜೋಡಿ ಇದೇ ಆಗಿತ್ತು. ಅದು ಸಿಗದಿದ್ದರೆ ಸೋಡಾವನ್ನೂ ಬಿಟ್ಟು ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಹಾಕಿ, ಮೊಟ್ಟೆಯ ಜೊತೆ ಅರ್ಧ ಟೀ ಚಮಚ ನಿಂಬೆರಸ ಬೆರೆಸಿ. ಆ ತೆಳು ಹುಳಿ ಸ್ವಲ್ಪ ಕಡಿಮೆಯಾಗುತ್ತದೆ, ಉಬ್ಬುವುದಕ್ಕೆ ತೊಂದರೆಯಿಲ್ಲ.

ಪ್ರಶ್ನೆ: ಯಾವ ಚಕ್ಕೆ ಒಳ್ಳೆಯದು?
– ಓದುಗರು, ಕುಶಾಲನಗರ

ಉತ್ತರ: ದಪ್ಪ, ಗಟ್ಟಿ, ಒಂದೇ ಪದರದ ತೊಗಟೆಯಾದರೆ ಕ್ಯಾಸಿಯಾ: ಖಾರ, ಘಾಟು. ಕಾಗದದಂತೆ ತೆಳು ಪದರಗಳು ಸುತ್ತಿಕೊಂಡಿದ್ದು, ಕೈಯಲ್ಲೇ ಮುರಿಯುವುದಾದರೆ ಸಿಲೋನ್ ದಾಲ್ಚಿನ್ನಿ: ನವಿರು, ಸಿಹಿ ಪರಿಮಳ. ಈ ಕುಕೀಸ್‌ಗೆ ನಾನು ಹೇಳುವುದು ಕ್ಯಾಸಿಯಾ, ಸಕ್ಕರೆ ನಡುವೆಯೂ ಅದರ ಘಾಟು ಎದ್ದು ಕಾಣುತ್ತದೆ. ಪುಡಿ ಮಾಡಿದ ಮೇಲೆ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ, ಇಲ್ಲದಿದ್ದರೆ ಹಲ್ಲಿಗೆ ಸಿಪ್ಪೆ ಸಿಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಆಗಾಗ ಕರೆಂಟ್ ಇರುವುದಿಲ್ಲ. ಒಲೆ ಮೇಲೆ ಮಾಡಬಹುದೇ? ಡಬ್ಬದಲ್ಲಿಟ್ಟರೆ ಸಕ್ಕರೆ ನೀರು ಬಿಡುತ್ತದೆ.
– ಓದುಗರು, ನಾಪೋಕ್ಲು

ಉತ್ತರ: ಮಾಡಬಹುದು. ದಪ್ಪ ತಳದ ಅಗಲ ಪಾತ್ರೆಗೆ ಒಂದು ಇಂಚು ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ 15 ನಿಮಿಷ ಕಾಯಿಸಿ. ತಟ್ಟೆಯ ಕೆಳಗೆ ಇನ್ನೊಂದು ತಟ್ಟೆ ಕೊಡಿ, ತಳ ಸೀಯುವುದಿಲ್ಲ. ಮಧ್ಯಮ ಉರಿಯಲ್ಲಿ 12–15 ನಿಮಿಷ. ಮೇಲಿನಿಂದ ಶಾಖವಿಲ್ಲದ್ದರಿಂದ ಬಣ್ಣ ಮಂಕು, ಬಿರುಕು ಕಡಿಮೆ.

ಕುಕೀಸ್ ಪೂರ್ತಿ ಆರದೆ ಡಬ್ಬದ ಮುಚ್ಚಳ ಹಾಕಬೇಡಿ, ಒಳಗಿನ ಆವಿಯೇ ಸಕ್ಕರೆಯನ್ನು ಕರಗಿಸುವುದು. ಜೂನ್–ಆಗಸ್ಟ್‌ನಲ್ಲಾದರೆ ಉಂಡೆಯನ್ನು ಸಕ್ಕರೆ ಹಚ್ಚದೆ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಹತ್ತು ನಿಮಿಷ ಹೊರಗಿಟ್ಟು, ಹೊರಳಿಸಿ, ಅಂದಂದಿಗೆ ಬೇಕಾದಷ್ಟೇ ಬೇಯಿಸಿ.