ಬಜೆಟ್ ತಿರಸ್ಕರಿಸಿದರೂ ವೈಸರಾಯ್ ಸಹಿ ಹಾಕುತ್ತಿದ್ದ ಮೇಲೆ, ಆ ಸಭೆ ಬರೀ ನಾಟಕವಾಗಿತ್ತೇ?

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಬ್ರಿಟಿಷರ ಕಾಲದ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ನಮ್ಮವರು 'ಈ ತೆರಿಗೆ ಬೇಡ' ಅಂತ ಮತ ಹಾಕಿದರೂ ವೈಸರಾಯ್ ಸಹಿ ಹಾಕಿ ಜಾರಿಗೆ ತರಬಹುದಿತ್ತು. ಹಾಗಿದ್ದ ಮೇಲೆ ಮೋತಿಲಾಲ್ ನೆಹರೂ ಅವರಂಥ ದೊಡ್ಡ ವಕೀಲರು ಅಲ್ಲಿ ಕೂತು ಏನು ಮಾಡುತ್ತಿದ್ದರು ಎಂಬುದು ನಿಮ್ಮ ಅನುಮಾನ.

ನಾನು ಇತಿಹಾಸದ ಮೇಷ್ಟ್ರಲ್ಲ, ಲೆಕ್ಕಪತ್ರದ ಕೆಲಸದವನು. ಆ ಸಭೆಯ ನಡಾವಳಿಗಳನ್ನು ಓದೋದು ನನಗೊಂದು ಹುಚ್ಚು, ಅಷ್ಟೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಖಜಾನೆಯ ಕೀಲಿ ಅವರ ಕೈಯಲ್ಲಿ ಇರಲಿಲ್ಲ, ನಿಜ. ಆದರೆ ಖಜಾನೆ ತೆರೆಯುವವನು ಎಲ್ಲರ ಕಣ್ಣೆದುರೇ ತೆರೆಯಬೇಕು ಅನ್ನುವ ಸ್ಥಿತಿಯನ್ನು ಅವರು ತಂದರು. ಅದು ಸಣ್ಣ ಕೆಲಸವೇನಲ್ಲ.

ಮೊದಲು ವ್ಯವಸ್ಥೆ ಹೇಗಿತ್ತು ನೋಡೋಣ. 1919ರ ಕಾಯ್ದೆಯಿಂದ ಹುಟ್ಟಿದ ಸಭೆ ಇದು, 1921ರ ಫೆಬ್ರವರಿಯಲ್ಲಿ ಶುರುವಾಯಿತು. ಸುಮಾರು 140 ಸದಸ್ಯರು. ನೂರಕ್ಕೂ ಜಾಸ್ತಿ ಜನ ಚುನಾಯಿತರು, ಉಳಿದವರು ಸರ್ಕಾರವೇ ನೇಮಿಸಿದವರು. ಚುನಾಯಿತರು ಅಂದ ತಕ್ಷಣ ಈಗಿನ ಚುನಾವಣೆ ನೆನಪಿಸಿಕೊಳ್ಳಬೇಡಿ. ಬ್ರಿಟಿಷ್ ಇಂಡಿಯಾದಲ್ಲಿ ಆಗ ಸುಮಾರು 24 ಕೋಟಿ ಜನ. ಈ ಸಭೆಗೆ ಮತ ಹಾಕುವ ಹಕ್ಕಿದ್ದದ್ದು 9 ಲಕ್ಷದಷ್ಟು ಜನರಿಗೆ ಮಾತ್ರ. ಆಸ್ತಿ ಇರಬೇಕು, ತೆರಿಗೆ ಕಟ್ಟುತ್ತಿರಬೇಕು. ಧಾರವಾಡ, ಬೆಳಗಾವಿ ಕಡೆಯವರು ಬಾಂಬೆ ಪ್ರಾಂತ್ಯದ ಲೆಕ್ಕ. ಮಂಗಳೂರು, ಬಳ್ಳಾರಿಯವರು ಮದ್ರಾಸಿನ ಲೆಕ್ಕ. ಮೈಸೂರು ಸಂಸ್ಥಾನದವರಿಗೆ ಇದರಲ್ಲಿ ಜಾಗವೇ ಇರಲಿಲ್ಲ.

ಇನ್ನು ಬಜೆಟ್. ಅದರಲ್ಲಿ ಎರಡು ಭಾಗ: ಸಭೆ ಮತ ಹಾಕಬಹುದಾದ ಖರ್ಚು, ಹಾಕಬಾರದ ಖರ್ಚು. ಸೈನ್ಯ, ಸಾಲದ ಬಡ್ಡಿ, ರಾಜಕೀಯ ಇಲಾಖೆ, ಲಂಡನ್ನಿನಿಂದ ನೇಮಕವಾದ ದೊಡ್ಡ ಅಧಿಕಾರಿಗಳ ಸಂಬಳ ಮತ್ತು ಪಿಂಚಣಿ, ಜೊತೆಗೆ ಸರ್ಕಾರಿ ಪಾದ್ರಿಗಳ ಖರ್ಚು ಕೂಡ! ಇವೆಲ್ಲ ಮತದ ಆಚೆ. ಸೈನ್ಯ ಒಂದೇ ಕೇಂದ್ರದ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ನುಂಗುತ್ತಿತ್ತು. ಅಂದರೆ ದೊಡ್ಡ ಮೊತ್ತಗಳೆಲ್ಲ ಮೊದಲೇ ಪಕ್ಕಕ್ಕೆ. ಉಳಿದದ್ದನ್ನು ಸಭೆ ತಿರಸ್ಕರಿಸಿದರೂ, 'ನನ್ನ ಹೊಣೆ ನಿಭಾಯಿಸಲು ಇದು ಬೇಕೇಬೇಕು' ಅಂತ ಗವರ್ನರ್ ಜನರಲ್ ಬರೆದರೆ ಆ ಹಣ ವಾಪಸ್. ಅಂದಹಾಗೆ ವೈಸರಾಯ್, ಗವರ್ನರ್ ಜನರಲ್ ಇಬ್ಬರೂ ಒಬ್ಬರೇ. ತೆರಿಗೆ ಮಸೂದೆ ಬಿದ್ದರೂ ಹಾಗೇ. ಅದಕ್ಕೆ ಅವರು ಪ್ರಮಾಣೀಕರಣದ ಸಹಿ ಹಾಕಬಹುದಿತ್ತು. ಮೇಲ್ಮನೆಯ ಒಪ್ಪಿಗೆ ಸಿಕ್ಕರೆ ಅದೇ ಕಾನೂನು. ಮೇಲ್ಮನೆ ಅಂದರೆ ಜಮೀನ್ದಾರರು, ದೊಡ್ಡ ವ್ಯಾಪಾರಿಗಳು, ಅಧಿಕಾರಿಗಳು. ಅಲ್ಲಿ ಒಪ್ಪಿಗೆ ಸಿಗೋದು ಕಷ್ಟವಿರಲಿಲ್ಲ.

ಇಷ್ಟು ಓದಿದರೆ ನಿಮ್ಮ 'ನಾಟಕ' ಅನ್ನುವ ಮಾತು ಸರಿ ಅನಿಸುತ್ತದೆ. ಆದರೆ ಉಪ್ಪಿನ ತೆರಿಗೆಯ ಕಥೆ ಹಿಡಿದು ಹೋದರೆ ಬೇರೇನೋ ಕಾಣುತ್ತದೆ.

1888ರಿಂದ ಒಂದು ಮಣ ಉಪ್ಪಿಗೆ ಎರಡೂವರೆ ರೂಪಾಯಿ ತೆರಿಗೆ ಇತ್ತು. ಮಣ ಅಂದರೆ 40 ಸೇರು, ಇವತ್ತಿನ ಲೆಕ್ಕದಲ್ಲಿ ಸುಮಾರು 37 ಕಿಲೋ. ರೂಪಾಯಿಗೆ 16 ಆಣೆ, ಅಂದರೆ ಸೇರಿಗೆ ಒಂದು ಆಣೆ ತೆರಿಗೆ. 1902ರ ಮಾರ್ಚ್‌ನಲ್ಲಿ ಗೋಪಾಲಕೃಷ್ಣ ಗೋಖಲೆ ಕಲ್ಕತ್ತೆಯ ಹಳೇ ಶಾಸನಸಭೆಯಲ್ಲಿ ತಮ್ಮ ಮೊದಲ ಬಜೆಟ್ ಭಾಷಣ ಮಾಡಿದರು. ಆಗ ಮತ ಹಾಕುವ ಹಕ್ಕೇ ಇರಲಿಲ್ಲ, ಮಾತಾಡಬಹುದಿತ್ತು ಅಷ್ಟೇ. ಅದೂ ಬಜೆಟ್ ಪೂರ್ತಿ ತೀರ್ಮಾನವಾದ ಮೇಲೆ. ಗೋಖಲೆ ಸಿಟ್ಟು ಮಾಡಲಿಲ್ಲ, ಸರ್ಕಾರದ ಅಂಕಿಗಳನ್ನೇ ಎತ್ತಿಕೊಂಡರು. ರೂಪಾಯಿ ಬೆಲೆ ಬಿದ್ದಿದ್ದಾಗ ಲಂಡನ್ನಿಗೆ ಕಟ್ಟುವ ಹಣಕ್ಕೆ ಜಾಸ್ತಿ ರೂಪಾಯಿ ಬೇಕು ಅಂತ ತೆರಿಗೆ ಏರಿಸಿದಿರಿ. ಈಗ ರೂಪಾಯಿ ಬೆಲೆ ಏರಿ ನಿಂತಿದೆ. ದೇಶದಲ್ಲಿ ಬರ, ನಿಮ್ಮ ಖಜಾನೆಯಲ್ಲಿ ಮಾತ್ರ ವರ್ಷ ವರ್ಷ ಉಳಿತಾಯ. ತೆರಿಗೆ ಇಳಿಸಬೇಡವೇ? ಇದು ಅವರ ವಾದದ ಸಾರ. ಲೆಕ್ಕದವನಾಗಿ ಹೇಳುತ್ತೇನೆ, ಎದುರಾಳಿಯ ಪುಸ್ತಕದಿಂದಲೇ ಅವನನ್ನು ಹಿಡಿಯೋದಿದೆಯಲ್ಲ, ಅದಕ್ಕಿಂತ ಚೆಂದದ ಕೆಲಸ ಇಲ್ಲ. ಉಪ್ಪಿನ ತೆರಿಗೆ 1903ರಲ್ಲಿ 2 ರೂಪಾಯಿಗೆ ಇಳಿಯಿತು, 1905ರಲ್ಲಿ ಒಂದೂವರೆಗೆ, 1907ರಲ್ಲಿ 1 ರೂಪಾಯಿಗೆ. ಎಲ್ಲವೂ ಗೋಖಲೆ ಒಬ್ಬರಿಂದಲೇ ಆಯಿತು ಅನ್ನುವುದು ಅತಿಯಾದೀತು. ಆದರೆ ಅವರ ಲೆಕ್ಕಕ್ಕೆ ಉತ್ತರ ಕೊಡದೆ ಸರ್ಕಾರ ಜಾರಿಕೊಳ್ಳುವ ಹಾಗಿರಲಿಲ್ಲ.

ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಅದು 1 ರೂಪಾಯಿ 4 ಆಣೆ ಆಯಿತು. ಯುದ್ಧ ಮುಗಿದ ಮೇಲೆ ವರ್ಷ ವರ್ಷವೂ ಖೋತಾ. 1922ರಲ್ಲಿ ವೈಸರಾಯ್ ಮಂಡಳಿಯ ಹಣಕಾಸು ಸದಸ್ಯ (ಈಗಿನ ಹಣಕಾಸು ಮಂತ್ರಿ ಇದ್ದ ಹಾಗೆ) ಮಾಲ್ಕಮ್ ಹೇಲಿ ಇದನ್ನು ಎರಡೂವರೆ ರೂಪಾಯಿಗೆ ಏರಿಸಲು ಹೊರಟರು. ಸಭೆ ಬೇಡ ಅಂದಿತು. ಸರ್ಕಾರ ಸುಮ್ಮನಾಯಿತು. ಇದನ್ನು ಗಮನಿಸಿ, ಆ ಸಲ ಸಭೆಯ ಮಾತೇ ನಡೆಯಿತು.

ಮರುವರ್ಷ ಹೊಸ ಹಣಕಾಸು ಸದಸ್ಯ ಬೇಸಿಲ್ ಬ್ಲ್ಯಾಕೆಟ್ ಬಂದರು. ಇಂಚ್‌ಕೇಪ್ ಸಮಿತಿ ಹೇಳಿದ ಹಾಗೆ ಖರ್ಚು ಕಡಿದ ಮೇಲೂ ನಾಲ್ಕು ಕೋಟಿ ಚಿಲ್ಲರೆ ಕೊರತೆ ಉಳಿಯಿತು. ಮತ್ತೆ ಉಪ್ಪಿನ ಮೇಲೇ ಕಣ್ಣು. ತಲೆಗೆ ವರ್ಷಕ್ಕೆ ಕೆಲವೇ ಆಣೆ, ಯಾರಿಗೂ ಗೊತ್ತೂ ಆಗುವುದಿಲ್ಲ ಎಂಬ ವಾದ. ಸಭೆ ಮತ್ತೆ ತಿರಸ್ಕರಿಸಿತು. ವೈಸರಾಯ್ ಲಾರ್ಡ್ ರೀಡಿಂಗ್ ಈ ಸಲ ಸಹಿ ಹಾಕಿಯೇಬಿಟ್ಟರು. ಉಪ್ಪಿನ ತೆರಿಗೆ ಒಂದೇ ಏಟಿಗೆ ಎರಡು ಪಟ್ಟಾಯಿತು.

ಇಲ್ಲಿ ಸರ್ಕಾರ ಗೆದ್ದಿತಾ? ಹಣ ಬಂತು. ಆದರೆ ಅಲ್ಲಿಯವರೆಗೆ 'ಹೊಸ ಸುಧಾರಣೆ ಬಂದಿದೆ, ಸಹಕರಿಸಿ' ಅಂತ ಸಭೆಯಲ್ಲಿ ಕೂತಿದ್ದ ಸೌಮ್ಯವಾದಿಗಳ ಮುಖ ಸಣ್ಣದಾಯಿತು. ಅದೇ ವರ್ಷದ ಕೊನೆಯಲ್ಲಿ ಚುನಾವಣೆ. ಚಿತ್ತರಂಜನ್ ದಾಸ್, ಮೋತಿಲಾಲ್ ನೆಹರೂ ಅವರ ಸ್ವರಾಜ್ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಪ್ರಚಾರ ಸಾಮಗ್ರಿ ಬೇಕಿತ್ತಾ? ಅವರು ದೊಡ್ಡ ಗುಂಪಾಗಿ ಒಳಗೆ ಬಂದರು. ಜಿನ್ನಾ ಅವರ ಸ್ವತಂತ್ರ ಸದಸ್ಯರೂ ಜೊತೆ ಸೇರಿದರು. 1924ರ ಮಾರ್ಚ್‌ನಲ್ಲಿ ಸುಂಕ, ಆದಾಯ ತೆರಿಗೆ, ಉಪ್ಪು, ಅಫೀಮು, ಬಜೆಟ್ ಪಟ್ಟಿಯ ಈ ಮೊದಲ ನಾಲ್ಕು ಇಲಾಖೆಗಳ ಖರ್ಚಿನ ಬೇಡಿಕೆಗಳನ್ನು ಸಾಲಾಗಿ ಬೀಳಿಸಿದರು. ನಾಲ್ಕೂ ತೆರಿಗೆ ವಸೂಲಿ ಮಾಡುವ ಇಲಾಖೆಗಳು! ಕುಂದುಕೊರತೆ ಮೊದಲು, ಹಣ ಆಮೇಲೆ ಅನ್ನುವುದು ಇಂಗ್ಲೆಂಡಿನ ಪಾರ್ಲಿಮೆಂಟಿನ ಹಳೇ ಪಾಠ. ಅದನ್ನೇ ಇವರು ತಿರುಗಿಸಿ ಒಪ್ಪಿಸಿದರು. ನಂತರ ಹಣಕಾಸು ಮಸೂದೆಯೂ ಬಿತ್ತು.

ರೀಡಿಂಗ್ ಮತ್ತೆ ಸಹಿ ಹಾಕಿದರು, ಸರಿ. ಆದರೆ ಆ ಸಹಿಯಿಂದ ಬಂದ ಕಾನೂನಿನಲ್ಲಿ ಉಪ್ಪಿನ ತೆರಿಗೆ ಮತ್ತೆ 1 ರೂಪಾಯಿ 4 ಆಣೆಗೆ ಇಳಿದಿತ್ತು. ಗಾಂಧೀಜಿ ದಂಡಿಗೆ ಹೋದಾಗ, ನಮ್ಮ ಅಂಕೋಲೆಯಲ್ಲಿ 1930ರ ಏಪ್ರಿಲ್‌ನಲ್ಲಿ ಉಪ್ಪು ಮಾಡಿದಾಗ ಇದ್ದದ್ದು ಇದೇ ದರ. 1931ರಲ್ಲಿ ಹಣಕಾಸು ಸದಸ್ಯ ಜಾರ್ಜ್ ಶುಸ್ಟರ್ ನೂರಕ್ಕೆ 25 ಸರ್‌ಚಾರ್ಜ್ ಹೇರಿದರು. ಅದೂ ಸಭೆ ಬೇಡ ಅಂದ ಮೇಲೆ ಸಹಿಯಿಂದಲೇ ಬಂತು. ಆ ದಶಕದ ಕೊನೆಯ ಹೊತ್ತಿಗೆ ಈ ಸಹಿ ಒಂದು ವಾಡಿಕೆಯೇ ಆಗಿಹೋಯಿತು. ಆ ವರ್ಷಗಳ ಬಗ್ಗೆ ನೀವು 'ನಾಟಕ' ಅಂದರೆ ನಾನು ಜಗಳಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ ಯಾರೂ ಜಾಸ್ತಿ ಹೇಳುವುದಿಲ್ಲ. 1921ರಲ್ಲೇ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಶುರುವಾಯಿತು. ಖರ್ಚಾದ ಹಣದ ಆಡಿಟ್ ವರದಿ ನೋಡುವುದು ಅದರ ಕೆಲಸ. ಅದಕ್ಕೆ ಅಧ್ಯಕ್ಷರು ಯಾರು ಗೊತ್ತಾ? ಸ್ವತಃ ಹಣಕಾಸು ಸದಸ್ಯರು! ಖರ್ಚು ಮಾಡಿದವರೇ ಪರೀಕ್ಷಕರು. ನಗು ಬರುತ್ತದೆ ಅಲ್ವಾ? ಹಾಗಿದ್ದೂ ಇಲಾಖೆಯ ಅಧಿಕಾರಿಗಳು ಚುನಾಯಿತ ಸದಸ್ಯರ ಮುಂದೆ ಕೂತು, ಮಂಜೂರಾದದ್ದಕ್ಕಿಂತ ಯಾಕೆ ಜಾಸ್ತಿ ಖರ್ಚಾಯಿತು ಅಂತ ವಿವರಿಸುವ ಅಭ್ಯಾಸ ಅಲ್ಲಿಂದಲೇ ಬಂತು. ಈಗ ಸಂಸತ್ತಿನಲ್ಲಿ ಆ ಕುರ್ಚಿ ವಿರೋಧ ಪಕ್ಷದವರಿಗೆ ಕೊಡುವುದು ರೂಢಿ.

ರೈಲ್ವೆ ಬಜೆಟ್ ಬೇರೆ ಮಾಡಿದ್ದೂ ಈ ಸಭೆಯ 1924ರ ಸೆಪ್ಟೆಂಬರ್ ನಿರ್ಣಯದಿಂದ. ಅದು 2016ರವರೆಗೆ ನಡೆಯಿತು. ಕಡಿತ ಸೂಚನೆಗಳೂ ಅಷ್ಟೇ. ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯ (ಆಗಿನ ಮಂತ್ರಿಮಂಡಲ ಅನ್ನಿ) ಖರ್ಚಿನಲ್ಲಿ ಬರೀ 100 ರೂಪಾಯಿ ಕಡಿಯಿರಿ ಅಂತ ಒಬ್ಬ ಸದಸ್ಯ ಸೂಚನೆ ಕೊಟ್ಟರೆ, ಅದರ ನೆಪದಲ್ಲಿ ಇಡೀ ಸರ್ಕಾರದ ನೀತಿಯನ್ನು ದಿನವಿಡೀ ಜಾಲಾಡಬಹುದಿತ್ತು. ಲೋಕಸಭೆಯಲ್ಲಿ ಇವತ್ತಿಗೂ 100 ರೂಪಾಯಿ ಕಡಿತದ ಸೂಚನೆ ಇದೆ. ಮತದ ಆಚೆಯ ಖರ್ಚು ಅನ್ನುವ ಏರ್ಪಾಡೂ ಪೂರ್ತಿ ಹೋಗಿಲ್ಲ. ಸಾಲದ ಬಡ್ಡಿ, ನ್ಯಾಯಮೂರ್ತಿಗಳ ಸಂಬಳದ ಮೇಲೆ ಈಗಲೂ ಚರ್ಚೆ ಮಾಡಬಹುದು, ಮತ ಹಾಕುವ ಹಾಗಿಲ್ಲ. ರಕ್ಷಣಾ ಖರ್ಚು ಮಾತ್ರ ಈಗ ಮತದ ಒಳಗೆ ಬಂದಿದೆ.

ಉಪ್ಪಿನ ತೆರಿಗೆ ಕೊನೆಗೆ ಹೋದದ್ದು 1947ರಲ್ಲಿ, ಇದೇ ಸಭೆಯ ಕೊನೆಯ ಬಜೆಟ್‌ನಲ್ಲಿ. ಮಂಡಿಸಿದವರು ಮಧ್ಯಂತರ ಸರ್ಕಾರದ ಹಣಕಾಸು ಸದಸ್ಯ ಲಿಯಾಖತ್ ಅಲಿ ಖಾನ್.

ನೀವೇ ಓದಿ ನೋಡಬೇಕು ಅಂದರೆ ನಡಾವಳಿಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಪುಟದಿಂದ ಹಿಡಿಯಬೇಡಿ, ನಿದ್ದೆ ಬರುತ್ತದೆ. 1923 ಮತ್ತು 1924ರ ಮಾರ್ಚ್ ಸಂಪುಟಗಳನ್ನು ತೆಗೆದು, ಉಪ್ಪು ಅಂತ ಇರುವ ಕಡೆಯಿಂದ ಶುರುಮಾಡಿ. ನಡುನಡುವೆ ಬರುವ ಪ್ರಶ್ನೋತ್ತರವನ್ನೂ ಬಿಡಬೇಡಿ. ರೈಲಿನ ಮೂರನೇ ದರ್ಜೆ ಡಬ್ಬಿಯ ಕಷ್ಟದ ಬಗ್ಗೆ ಕೇಳಿದ ಪ್ರಶ್ನೆಗಳು, ಅದಕ್ಕೆ ಅಧಿಕಾರಿಗಳು ಕೊಟ್ಟ ನುಣುಚು ಉತ್ತರಗಳು ನೋಡಿದರೆ ನೂರು ವರ್ಷ ಹಳೆಯದು ಅಂತ ನಿಮಗೆ ಅನಿಸೋದೇ ಇಲ್ಲ.